ಅವಸರಕ್ಕೂ ಅಲಕ್ಷ್ಯಕ್ಕೂ ನಡುವೆ

ವ್ಯಾಧಿಗಳಲ್ಲಿ ಕೆಲವು ದೇಹವನ್ನು ಬಾಧಿಸುವುದಕ್ಕೆ ಮೊದಲೇ ತಮ್ಮ ಹೆಸರಿನ ಬಲದಿಂದ ಮನಸ್ಸನ್ನು ಆಕ್ರಮಿಸಿಬಿಡುತ್ತವೆ. ಅರುವತ್ತೈದು ವಯಸ್ಸಿನ ಗೃಹಸ್ಥನೊಬ್ಬನು, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳಬೇಕಾಗುತ್ತದೆಂಬ ಸಾಧಾರಣವಾದ ತೊಂದರೆಯನ್ನು ಹೇಳಿಕೊಳ್ಳಲು ವೈದ್ಯರ ಬಳಿಗೆ ಹೋಗಿ, ರಕ್ತಪರೀಕ್ಷೆಯಿಂದ ಸ್ಕ್ಯಾನಿಂಗಿಗೂ ಸ್ಕ್ಯಾನಿಂಗಿನಿಂದ ಬಯಾಪ್ಸಿಗೂ ಸಾಗಿ, ಕೊನೆಗೆ ತನ್ನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೆಂಬ ಮಾತನ್ನು ಕೇಳಿದನೆಂದು ಇಟ್ಟುಕೊಳ್ಳೋಣ. ಆ ಕ್ಷಣದಲ್ಲಿ ಅವನ ಶರೀರದಲ್ಲಿ ಹೊಸದಾಗಿ ಏನೂ ಸಂಭವಿಸಿರುವುದಿಲ್ಲ. ಪ್ರಾಯಶಃ ಅನೇಕ ವರ್ಷಗಳಿಂದ ಇದ್ದುದೇ ಇಂದೂ ಇದೆ. ಆದರೂ ಮನೆಗೆ ಹಿಂದಿರುಗುವಷ್ಟರಲ್ಲಿ ಅವನು ಆಸ್ತಿಯ ವಿಲೇವಾರಿಯನ್ನೂ ಮಗಳ ಮದುವೆಯನ್ನೂ ಹೆಂಡತಿಯ ಒಂಟಿತನವನ್ನೂ ಮನಸ್ಸಿನಲ್ಲಿಯೇ ಕಂಡು ಮುಗಿಸಿರುತ್ತಾನೆ. ಮತ್ತು "ನಾಳೆಯೇ ಆಪರೇಷನ್ ಮಾಡಿಸಿಬಿಡೋಣ, ಅದನ್ನು ತೆಗೆಸಿಹಾಕಿದರೆ ಸಾಕು" ಎಂಬ ನಿಶ್ಚಯವೋ, "ಏನೂ ಬೇಡ, ಹಣೆಯಲ್ಲಿ ಬರೆದದ್ದಾಗಲಿ" ಎಂಬ ನಿರ್ವೇದವೋ, ಎರಡರಲ್ಲೊಂದು ಅವನನ್ನು ಹಿಡಿದಿರುತ್ತದೆ. ಈ ಎರಡೂ ಭಯದ ಸಂತಾನಗಳೇ ಎಂಬುದೂ, ಭಯದ ಕೈಗೆ ತೀರ್ಮಾನವನ್ನು ಒಪ್ಪಿಸುವುದಕ್ಕೆ ಈ ರೋಗದಲ್ಲಿ ಬೇರೆ ಅನೇಕ ರೋಗಗಳಲ್ಲಿರುವಷ್ಟು ಕಾರಣವಿಲ್ಲವೆಂಬುದೂ, ರೋಗನಿರ್ಣಯಕ್ಕೂ ಚಿಕಿತ್ಸೆಗೂ ನಡುವೆ ಇಲ್ಲಿ ಬಹುಮಂದಿಗೆ ದೊರೆಯುವ ಅವಧಿಯನ್ನು ವಿಚಾರಕ್ಕೆ ವಿನಿಯೋಗಿಸುವುದೇ ಚಿಕಿತ್ಸೆಯ ಮೊದಲ ಅಂಗವೆಂಬುದೂ ಈ ಲೇಖನದ ಪ್ರತಿಪಾದನೆ.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರತಕ್ಕ, ತಾರುಣ್ಯದಲ್ಲಿ ಸಿಪ್ಪೆ ಸುಲಿಯದ ಅಡಕೆಯಷ್ಟು ಗಾತ್ರದ ಗ್ರಂಥಿ. ವೀರ್ಯದಲ್ಲಿ ಸೇರುವ ದ್ರವದ ಒಂದು ಭಾಗವನ್ನು ಸ್ರವಿಸುವುದು ಅದರ ಕಾರ್ಯ. ವಯಸ್ಸು ಏರಿದಂತೆ ಅದು ಹಿಗ್ಗುವುದು ಸಾಮಾನ್ಯ, ಆ ಹಿಗ್ಗುವಿಕೆ ಕ್ಯಾನ್ಸರಲ್ಲ. ಕ್ಯಾನ್ಸರ್ ಕೂಡ ಈ ಗ್ರಂಥಿಯಲ್ಲಿ ವಾರ್ಧಕ್ಯದ ಸಹಚರನಂತೆ ಸುಪ್ತವಾಗಿ ಇದ್ದುಬಿಡುವುದುಂಟು: ಬೇರೆ ಕಾರಣಗಳಿಂದ ತೀರಿಕೊಂಡ ವೃದ್ಧರ ಶವಗಳನ್ನು ಪರೀಕ್ಷಿಸಿದ ವೈದ್ಯರು, ಬದುಕಿದ್ದಾಗ ಯಾವ ತೊಂದರೆಯನ್ನೂ ಕೊಡದಿದ್ದ ಸಣ್ಣ ಅರ್ಬುದಗಳನ್ನು ಅನೇಕರ ಪ್ರಾಸ್ಟೇಟಿನಲ್ಲಿ ಕಂಡಿದ್ದಾರೆ. ಇನ್ನೊಂದು ಕಡೆ, ಇದೇ ಹೆಸರಿನ ರೋಗವು ಮೂಳೆಗಳಿಗೆ ಹರಡಿ ಪ್ರಾಣವನ್ನು ಕೊಳ್ಳುವುದೂ ಸತ್ಯ. 2022ರಲ್ಲಿ ಪ್ರಪಂಚದಲ್ಲಿ 14 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತೆಂದೂ ಸುಮಾರು 4 ಲಕ್ಷ ಮಂದಿ ಇದರಿಂದ ಮೃತರಾದರೆಂದೂ ಅಂತಾರಾಷ್ಟ್ರೀಯ ಅಂದಾಜುಗಳು ಹೇಳುತ್ತವೆ. ಹೀಗೆ ಒಂದೇ ನಾಮಧೇಯದ ಕೆಳಗೆ ನಿರುಪದ್ರವಿಯೂ ಪ್ರಾಣಾಂತಕವೂ ಆದ ಎರಡು ಸ್ವಭಾವಗಳು ಅಡಗಿರುವುದರಿಂದ, "ನನಗೆ ಕ್ಯಾನ್ಸರ್ ಬಂದಿದೆ" ಎಂಬ ವಾಕ್ಯವು ಸತ್ಯವಾಗಿದ್ದರೂ ಅಪೂರ್ಣವಾದುದು. ಯಾವ ಬಗೆಯದು, ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ತಿಳಿಯುವವರೆಗೆ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು.

ರೋಗವನ್ನು ಮೊದಲು ಸೂಚಿಸುವ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಚರಿತ್ರೆಯೇ ಈ ಸಂದಿಗ್ಧತೆಗೆ ಸಾಕ್ಷಿ. ಪ್ರಾಸ್ಟೇಟಿನ ಜೀವಕೋಶಗಳು ಉತ್ಪಾದಿಸುವ ಒಂದು ಪ್ರೋಟೀನಿನ ಪ್ರಮಾಣವನ್ನು ಅಳೆಯುವ ಈ ಪರೀಕ್ಷೆಗೆ ಅಮೆರಿಕದಲ್ಲಿ 1986ರಲ್ಲಿ, ರೋಗವಿದ್ದವರ ಮೇಲೆ ಕಣ್ಣಿಡುವುದಕ್ಕಾಗಿ, ಮತ್ತು 1994ರಲ್ಲಿ, ರೋಗವನ್ನು ಪತ್ತೆಮಾಡುವ ಸಹಾಯಕ್ಕಾಗಿ ಅನುಮತಿ ದೊರೆಯಿತು. ಗ್ರಂಥಿ ಬರಿದೆ ಹಿಗ್ಗಿದ್ದರೂ, ಸೋಂಕು ತಗುಲಿದ್ದರೂ ಈ ಅಂಕ ಏರಬಹುದು. 1970ರಲ್ಲಿ ಪ್ರಾಸ್ಟೇಟಿನ ಪ್ರತಿಜನಕವನ್ನು ಗುರುತಿಸಿದವರಲ್ಲೊಬ್ಬರಾದ ರಿಚರ್ಡ್ ಆಬ್ಲಿನ್ ಅವರೇ, ಲಕ್ಷಣವಿಲ್ಲದ ಗಂಡಸರೆಲ್ಲರಿಗೂ ಈ ಪರೀಕ್ಷೆಯನ್ನು ಮಾಡಿಸುವ ಪದ್ಧತಿಯನ್ನು 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದರು. ಅದಕ್ಕೆ ಹಿಂದಿನ ವರ್ಷವಷ್ಟೇ, ಯೂರೋಪಿನ ಏಳು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು, ಈ ಪರೀಕ್ಷೆಯ ಮೂಲಕ ತಪಾಸಣೆಗೆ ಒಳಗಾದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಮರಣ ಸುಮಾರು ಐದರಲ್ಲೊಂದು ಪಾಲು ತಗ್ಗಿತೆಂದೂ, ಆದರೆ ಒಂದು ಪ್ರಾಣವನ್ನು ಉಳಿಸಲು ಬಾಧೆಯನ್ನೇ ಕೊಡದಿದ್ದಿರಬಹುದಾದ ಎಷ್ಟೋ ಅರ್ಬುದಗಳಿಗೂ ಚಿಕಿತ್ಸೆ ನಡೆದುಹೋಯಿತೆಂದೂ ತೋರಿಸಿತ್ತು. ಪರೀಕ್ಷೆ ನಿಷ್ಪ್ರಯೋಜಕವಲ್ಲ, ಅದು ಕೊಡುವುದು ಸೂಚನೆಯನ್ನು, ತೀರ್ಪನ್ನಲ್ಲ.

ತೀರ್ಪಿಗೆ ಹೆಚ್ಚು ಸಮೀಪವಾದುದು ಬಯಾಪ್ಸಿಯ ವರದಿ. ಅದನ್ನು ಕೈಯಲ್ಲಿ ಹಿಡಿದ ರೋಗಿಯ ಕಣ್ಣು ಹೋಗಿ ನಿಲ್ಲುವುದು ಒಂದು ಸಂಖ್ಯೆಯ ಮೇಲೆ: ಗ್ಲೀಸನ್ 3+3=6. ಹತ್ತಕ್ಕೆ ಆರು ಎಂದರೆ ಅರ್ಧಕ್ಕಿಂತ ಮುಂದೆ ಹೋಗಿದೆಯೆಂದು, ಜೀವಮಾನವೆಲ್ಲ ಪರೀಕ್ಷೆಯ ಅಂಕಗಳನ್ನೇ ಕಂಡಿರುವ ಅವನು ಎಣಿಸುವುದು ಸ್ವಾಭಾವಿಕ. ವಸ್ತುಸ್ಥಿತಿ ಬೇರೆ. ಅಮೆರಿಕದ ರೋಗಶಾಸ್ತ್ರಜ್ಞ ಡೊನಾಲ್ಡ್ ಗ್ಲೀಸನ್ ಅವರು 1960ರ ದಶಕದಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ಅರ್ಬುದದ ಕೋಶಗಳು ಸಹಜವಾದ ವಿನ್ಯಾಸದಿಂದ ಎಷ್ಟು ದೂರ ಸರಿದಿವೆಯೆಂಬುದನ್ನು ನೋಡಿ ಅಂಕವಿಡುವ ಕ್ರಮವನ್ನು ರೂಪಿಸಿದರು. ಇಂದಿನ ರೂಢಿಯಲ್ಲಿ ಬಯಾಪ್ಸಿಗೆ ಕೊಡುವ ಕನಿಷ್ಠ ಮೊತ್ತವೇ ಆರು. ಆದುದರಿಂದ ಆರು ಎಂಬುದು ನಡುವಣ ಮೆಟ್ಟಿಲಲ್ಲ, ಕೆಳಗಿನ ಮೆಟ್ಟಿಲು. ಈ ಗೊಂದಲವನ್ನು ತಪ್ಪಿಸಲೆಂದೇ 2014ರಲ್ಲಿ ರೋಗಶಾಸ್ತ್ರಜ್ಞರ ಅಂತಾರಾಷ್ಟ್ರೀಯ ಸಮ್ಮೇಳನವು ಒಂದರಿಂದ ಐದರವರೆಗಿನ ಹೊಸ ವರ್ಗಗಳನ್ನು ಅಂಗೀಕರಿಸಿತು. ಗ್ಲೀಸನ್ ಆರು ಅಲ್ಲಿ ಒಂದನೆಯ ವರ್ಗ. ಅಷ್ಟೇ ಅಲ್ಲ, 3+4 ಎಂಬುದೂ 4+3 ಎಂಬುದೂ ಕೂಡಿದರೆ ಏಳೇ ಆದರೂ ಮೊದಲನೆಯದು ಎರಡನೆಯ ವರ್ಗಕ್ಕೂ ಎರಡನೆಯದು ಮೂರನೆಯ ವರ್ಗಕ್ಕೂ ಸೇರುತ್ತದೆ, ಏಕೆಂದರೆ ಮೊದಲು ಬರೆದ ಅಂಕ ಹೆಚ್ಚಾಗಿ ಕಂಡುಬಂದ ವಿನ್ಯಾಸದ್ದು. ಗ್ರಂಥಿಯ ನಾನಾ ಕಡೆಗಳಿಂದ ತೆಗೆದ ಹನ್ನೆರಡೋ ಹೆಚ್ಚೋ ಚೂರುಗಳಲ್ಲಿ ಎಷ್ಟರಲ್ಲಿ ಅರ್ಬುದ ಸಿಕ್ಕಿತು, ಪ್ರತಿಯೊಂದರಲ್ಲಿಯೂ ಶೇಕಡಾ ಎಷ್ಟು ಭಾಗವನ್ನು ಅದು ಆವರಿಸಿದೆ ಎಂಬ ವಿವರಗಳೂ ಅದೇ ಹಾಳೆಯಲ್ಲಿರುತ್ತವೆ. ವೈದ್ಯರನ್ನು ಕೇಳಿ ಈ ಒಂದು ಹಾಳೆಯನ್ನು ಅರ್ಥಮಾಡಿಕೊಂಡವನ ಭಯ ನಿರಾಕಾರವಾಗಿ ಉಳಿಯುವುದಿಲ್ಲ. ಅದಕ್ಕೊಂದು ಎಲ್ಲೆ ದೊರೆಯುತ್ತದೆ.

ಇನ್ನು ಚಿಕಿತ್ಸೆಯ ಮಾತು. ಇಂಗ್ಲೆಂಡು ಮೊದಲಾದ ಬ್ರಿಟನ್ನಿನ ಪ್ರದೇಶಗಳಲ್ಲಿ 1999ರಿಂದ 2009ರವರೆಗೆ, ಪಿ.ಎಸ್.ಎ. ಪರೀಕ್ಷೆಯಿಂದ ರೋಗ ಪತ್ತೆಯಾಗಿ ಅದು ಗ್ರಂಥಿಯೊಳಗೇ ಇದ್ದ, 50ರಿಂದ 69 ವಯಸ್ಸಿನ 1,643 ಗಂಡಸರನ್ನು ಅವರ ಒಪ್ಪಿಗೆಯ ಮೇಲೆ ಮೂರು ಗುಂಪುಗಳಾಗಿ ವಿಭಾಗಿಸಿ, ಒಂದಕ್ಕೆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ವಿಕಿರಣ ಚಿಕಿತ್ಸೆಯನ್ನೂ ಮೂರನೆಯದಕ್ಕೆ ಕ್ರಮಬದ್ಧವಾದ ನಿಗಾವಣೆಯನ್ನೂ ನಿಯಮಿಸಲಾಯಿತು. ಪ್ರೊಟೆಕ್ಟ್ ಎಂದು ಹೆಸರಾದ ಈ ಅಧ್ಯಯನದ ಹದಿನೈದು ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾದಾಗ, ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ಮೂರು ಗುಂಪುಗಳಲ್ಲಿಯೂ ನೂರಕ್ಕೆ ಎರಡು ಮೂರು ಮಂದಿ ಮಾತ್ರ. ಬೇರೆ ಬೇರೆ ಕಾರಣಗಳನ್ನೆಲ್ಲ ಸೇರಿಸಿಕೊಂಡು ಸತ್ತವರು ನೂರಕ್ಕೆ ಸುಮಾರು ಇಪ್ಪತ್ತೆರಡು. ನಿಗಾವಣೆಯ ಗುಂಪಿನಲ್ಲಿ ರೋಗ ಹರಡಿದವರ ಪ್ರಮಾಣ ಶೇಕಡಾ 9.4, ಉಳಿದೆರಡರಲ್ಲಿ ಶೇಕಡಾ 5ರ ಆಸುಪಾಸು. ಆ ಗುಂಪಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ಚಿಕಿತ್ಸೆಯನ್ನು ತೆಗೆದುಕೊಂಡರೆಂಬುದನ್ನೂ ಮರೆಮಾಡತಕ್ಕದ್ದಲ್ಲ. ಒಟ್ಟಿನಲ್ಲಿ ಇಂಥ ಸ್ಥಿತಿಯಲ್ಲಿರುವ ರೋಗಿಗೆ ಕೆಲವು ವಾರಗಳ ವಿಚಾರವಿಮರ್ಶೆಯಿಂದ ಪ್ರಾಣಹಾನಿಯೇನೂ ಇಲ್ಲವೆಂಬುದು ಇದರಿಂದ ಸ್ಪಷ್ಟ.

ಇದಕ್ಕೆ ಎರಡು ಬಲವಾದ ಆಕ್ಷೇಪಗಳುಂಟು. ಮೊದಲನೆಯದು, ಸ್ವೀಡನ್, ಫಿನ್ಲೆಂಡ್, ಐಸ್ಲೆಂಡ್‌ಗಳಲ್ಲಿ 1989ರಿಂದ 1999ರವರೆಗೆ 695 ರೋಗಿಗಳನ್ನು ಆರಿಸಿಕೊಂಡು ನಡೆಸಿದ ಇನ್ನೊಂದು ಅಧ್ಯಯನ: ಅಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರು, ಹಾಗೆಯೇ ಬಿಟ್ಟವರಿಗಿಂತ ಸರಾಸರಿ ಸುಮಾರು ಮೂರು ವರ್ಷ ಹೆಚ್ಚಾಗಿ ಬದುಕಿದರೆಂದು ದೀರ್ಘಕಾಲದ ಅವಲೋಕನ ತಿಳಿಸಿತು. ಆದರೆ ಅವರಲ್ಲಿ ಬಹುಪಾಲು ಮಂದಿಯ ರೋಗ ರಕ್ತಪರೀಕ್ಷೆಯಿಂದ ಬೇಗನೆ ಸಿಕ್ಕಿದ್ದಲ್ಲ, ಬಲಿತು ಕೈಗೆ ತಗುಲುವಂತಾದ ಮೇಲೆ ಸಿಕ್ಕಿದ್ದು. ಎರಡನೆಯ ಆಕ್ಷೇಪ ನಮ್ಮ ದೇಶದ್ದೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಈಗ ಗಂಡಸರ ಪ್ರಮುಖ ಕ್ಯಾನ್ಸರುಗಳ ಸಾಲಿಗೆ ಏರಿ ನಿಂತಿದೆ; ಆದರೆ ಪಾಶ್ಚಾತ್ಯ ದೇಶಗಳಂತೆ ಮೊಳಕೆಯಲ್ಲಿಯೇ ಪತ್ತೆಯಾಗದೆ, ಸೊಂಟನೋವೆಂದು ಎಣ್ಣೆ ಹಚ್ಚಿಸಿಕೊಂಡು ತಿಂಗಳುಗಟ್ಟಲೆ ಕಳೆದು, ಮೂಳೆಗೆ ಹರಡಿದ ಮೇಲೆ ಆಸ್ಪತ್ರೆಗೆ ಬರುವವರ ಸಂಖ್ಯೆ ಇಲ್ಲಿ ಚಿಕ್ಕದಲ್ಲ. ಅಂಥವರಿಗೆ ನಿಧಾನವನ್ನು ಉಪದೇಶಿಸುವುದು ಅಪರಾಧವಾದೀತು. ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಮತ್ತು ಇದು ನನ್ನ ವಾದವನ್ನು ಮುರಿಯುವುದಿಲ್ಲ, ತಿದ್ದುತ್ತದೆ. ರೋಗದ ವರ್ಗವೂ ಹರಡುವಿಕೆಯೂ ರೋಗಿಯ ವಯಸ್ಸೂ ಗೊತ್ತಾಗದೆ ಕತ್ತರಿಸುವುದು ಹೇಗೆ ಅವಿಚಾರವೋ, ಅವು ಗೊತ್ತಾದ ಮೇಲೆ ಕೈಕಟ್ಟಿ ಕುಳಿತುಕೊಳ್ಳುವುದೂ ಹಾಗೆಯೇ ಅವಿಚಾರ. ನಿಗಾವಣೆ ಎಂದರೆ ಮರೆತುಬಿಡುವುದೆಂದಲ್ಲ: ನಿಯತಕಾಲಕ್ಕೆ ರಕ್ತಪರೀಕ್ಷೆ, ಎಂ.ಆರ್.ಐ., ಅಗತ್ಯವೆನಿಸಿದಾಗ ಮತ್ತೆ ಬಯಾಪ್ಸಿ, ಅಂಕ ಏರಿದರೆ ತಡಮಾಡದೆ ಚಿಕಿತ್ಸೆ, ಇವೆಲ್ಲ ಸೇರಿದ ಶಿಸ್ತು ಅದು. ಬರಲೊಲ್ಲದ ರೋಗಿಗೆ, ಮಲೆನಾಡಿನ ಒಳಗಿನ ಹಳ್ಳಿಯಿಂದ ಆರು ತಿಂಗಳಿಗೊಮ್ಮೆ ಪಟ್ಟಣಕ್ಕೆ ಬರಲಾಗದ ರೋಗಿಗೆ, ಅದು ಸೂಕ್ತವಾದ ಮಾರ್ಗವಲ್ಲ.

ಹಾಗಿದ್ದರೂ ಅವಸರ ಏತಕ್ಕೆ ಇಷ್ಟು ಪ್ರಬಲ? ಭಯ ಒಂದು ಕಾರಣ. ಇನ್ನೊಂದು, ಪ್ರತಿಯೊಬ್ಬ ತಜ್ಞನೂ ತಾನು ಕಲಿತ ವಿದ್ಯೆಯಲ್ಲಿ ನಂಬಿಕೆಯಿಟ್ಟಿರುವುದು. ಶಸ್ತ್ರವೈದ್ಯರು ಶಸ್ತ್ರಚಿಕಿತ್ಸೆಯನ್ನೂ, ನಮ್ಮ ಜನ ಕರೆಂಟು ಕೊಡುವುದೆಂದು ಹೇಳುವ ವಿಕಿರಣ ಚಿಕಿತ್ಸೆಯ ವೈದ್ಯರು ವಿಕಿರಣವನ್ನೂ ಶ್ರೇಷ್ಠವೆಂದು ಭಾವಿಸುವುದರಲ್ಲಿ ವಂಚನೆಯಿಲ್ಲ, ಮನುಷ್ಯಸ್ವಭಾವವಿದೆ. ಕೋಟಿಗಟ್ಟಲೆ ಹಣ ಹೂಡಿ ಯಂತ್ರವನ್ನು ತರಿಸಿದ ಆಸ್ಪತ್ರೆಗೆ ಆ ಯಂತ್ರ ಸುಮ್ಮನೆ ನಿಂತಿರುವುದು ಹಿತವಲ್ಲವೆಂಬುದೂ ಲೌಕಿಕಸತ್ಯ. ಆದುದರಿಂದ ಮೂತ್ರರೋಗ ತಜ್ಞರನ್ನು ಕಂಡವನು ವಿಕಿರಣ ತಜ್ಞರನ್ನೂ ಕಾಣುವುದು, ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನು ಇನ್ನೊಬ್ಬ ರೋಗಶಾಸ್ತ್ರಜ್ಞರಿಗೆ ತೋರಿಸುವುದು, ವೈದ್ಯರಲ್ಲಿ ಅವಿಶ್ವಾಸದ ಕುರುಹಲ್ಲ. ಅದಕ್ಕೆ ಮುನಿಯುವ ವೈದ್ಯರಿದ್ದರೆ, ಆ ಮುನಿಸೇ ಎರಡನೆಯ ಅಭಿಪ್ರಾಯಕ್ಕೆ ಮತ್ತೊಂದು ಕಾರಣ.

ಚಿಕಿತ್ಸೆಯ ಬೆಲೆಯನ್ನು ರೂಪಾಯಿಗಳಲ್ಲಿ ಕೇಳುವ ನಾವು ಅದರ ಇನ್ನೊಂದು ಬೆಲೆಯನ್ನು ಕೇಳಲು ನಾಚುತ್ತೇವೆ. ಪ್ರಾಸ್ಟೇಟನ್ನು ತೆಗೆಯುವಾಗ ಮೂತ್ರವನ್ನು ಹಿಡಿದಿಡುವ ಸ್ನಾಯುವಿಗೂ, ಲೈಂಗಿಕ ಸಾಮರ್ಥ್ಯಕ್ಕೆ ಕಾರಣವಾದ ನರಗಳಿಗೂ ಘಾಸಿಯಾಗಬಹುದು. ಆ ನರಗಳು ಗ್ರಂಥಿಯ ಎರಡು ಪಕ್ಕಗಳಲ್ಲಿ ಎಲ್ಲಿ ಹಾಯುತ್ತವೆಂಬುದನ್ನು ಡಚ್ ವೈದ್ಯ ಡಾಂಕರ್ ಅವರೊಡನೆ ಶೋಧಿಸಿ, ಅವನ್ನು ಉಳಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡುವ ವಿಧಾನವನ್ನು 1982ರಲ್ಲಿ ಆಚರಣೆಗೆ ತಂದವರು ಅಮೆರಿಕದ ಪ್ಯಾಟ್ರಿಕ್ ವಾಲ್ಷ್. ಆ ಉಪಕಾರ ದೊಡ್ಡದು, ಆದರೆ ಸಂಪೂರ್ಣವಲ್ಲ. ಪ್ರೊಟೆಕ್ಟ್ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದ ಆರು ತಿಂಗಳಿಗೆ ಮೂತ್ರ ಸೋರುವಿಕೆಗಾಗಿ ಪ್ಯಾಡ್ ಬಳಸುತ್ತಿದ್ದವರು ನೂರಕ್ಕೆ 46, ಆರು ವರ್ಷಗಳ ಮೇಲೆ 17. ವಿಕಿರಣದ ಗುಂಪಿನಲ್ಲಿ ಆರು ವರ್ಷಕ್ಕೆ 4. ಸಂಭೋಗಕ್ಕೆ ಸಾಕಾಗುವಷ್ಟು ಸಾಮರ್ಥ್ಯ ಆರಂಭದಲ್ಲಿ ನೂರಕ್ಕೆ 67 ಮಂದಿಗೆ ಇದ್ದುದು, ಆರು ವರ್ಷಗಳ ನಂತರ ಶಸ್ತ್ರಚಿಕಿತ್ಸೆಯವರಲ್ಲಿ 17ಕ್ಕೂ, ವಿಕಿರಣದವರಲ್ಲಿ 27ಕ್ಕೂ ಇಳಿಯಿತು. ನಿಗಾವಣೆಯವರಲ್ಲಿಯೂ ಅದು 30ಕ್ಕೆ ಇಳಿದುದರಿಂದ ವಯಸ್ಸಿನ ಪಾಲನ್ನೂ ರೋಗಿ ಮನಗಾಣಬೇಕು. ವಿಕಿರಣಕ್ಕೆ ಗುದನಾಳದ ಉರಿ, ಮಲದಲ್ಲಿ ರಕ್ತ ಮುಂತಾದ ತನ್ನದೇ ತೊಂದರೆಗಳುಂಟು. ಹಾರ್ಮೋನು ತಗ್ಗಿಸುವ ಚಿಕಿತ್ಸೆಯಲ್ಲಿ ಮೈಯಲ್ಲಿ ಬಿಸಿ ಏರುವುದು, ಮೂಳೆ ಸವೆಯುವುದು, ಮಾಂಸಖಂಡಗಳು ಕರಗುವುದು, ಮನಸ್ಸು ಕುಗ್ಗುವುದು ಇವೆಲ್ಲ ಬರಬಹುದು. ಇವುಗಳಲ್ಲಿ ಬಹುಪಾಲಿಗೆ ಉಪಶಮನವಿದೆ: ಕಟಿತಳದ ಸ್ನಾಯುಗಳ ವ್ಯಾಯಾಮ, ಮಾತ್ರೆಗಳು, ನಡಿಗೆ, ಮೂಳೆಯ ರಕ್ಷಣೆಗೆ ಔಷಧ. ಉಪಶಮನ ದೊರೆಯಬೇಕಾದರೆ ತೊಂದರೆಯನ್ನು ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ಇಲ್ಲದುದು ಅದೇ.

ಈ ಮೌನಕ್ಕೆ ಹಿಂದೆ ಗಂಡಸುತನವೆಂಬುದರ ಬಗ್ಗೆ ನಮ್ಮ ಸಮಾಜ ಬೆಳೆಸಿದ ದುರಭಿಮಾನವಿದೆ. ಯುದ್ಧದ ಗಾಯವನ್ನು ಮೆರೆಸುವ ಜನ ಮೂತ್ರ ಹನಿಯುವುದನ್ನು ಹೆಂಡತಿಗೂ ತಿಳಿಸರು. ಮದುವೆಮನೆಗೂ ದೇವಸ್ಥಾನಕ್ಕೂ ಹೋಗುವುದನ್ನು ಬಿಟ್ಟು, ಬೇರೆ ನೆಪ ಹೇಳಿ ಮನೆಯಲ್ಲಿಯೇ ಕುಳಿತುಬಿಡುತ್ತಾರೆ. ದಾಂಪತ್ಯವೆಂಬುದು ದೇಹದ ಒಂದು ಶಕ್ತಿಯ ಮೇಲೆ ಮಾತ್ರ ನಿಂತಿದ್ದರೆ ವಾರ್ಧಕ್ಯ ಅದನ್ನು ಎಂದೋ ಕೆಡವುತ್ತಿತ್ತು. ಚಿಕಿತ್ಸೆಯ ಆಯ್ಕೆಯಲ್ಲಿ ಹೆಂಡತಿಗೂ ಸಮಾನವಾದ ಪಾಲಿರಬೇಕಾದುದು ಅವಳು ಶುಶ್ರೂಷೆ ಮಾಡತಕ್ಕವಳೆಂಬುದಕ್ಕಿಂತ ಹೆಚ್ಚಾಗಿ, ಆ ಆಯ್ಕೆಯ ಫಲವನ್ನು ಅವಳೂ ಬಾಳತಕ್ಕವಳಾದುದರಿಂದ.

ಮೌನಕ್ಕೆ ಇನ್ನೊಂದು ರೂಪವೂ ಉಂಟು, ಅದಕ್ಕೆ ವಾತ್ಸಲ್ಯವೆಂಬ ಹೆಸರು. ವೈದ್ಯರ ಕೊಠಡಿಯಲ್ಲಿ ಈ ದೃಶ್ಯ ಅಪರೂಪವಲ್ಲ: ತಂದೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದ ಮಗ, ಬಾಗಿಲನ್ನು ಅರ್ಧ ಮುಚ್ಚಿ, "ಸಾರ್, ಅಪ್ಪನಿಗೆ ಏನೂ ಹೇಳಬೇಡಿ, ಗಡ್ಡೆ ಅಷ್ಟೇ ಅಂತ ಹೇಳಿದ್ದೇವೆ, ಗೊತ್ತಾದರೆ ತಡೆದುಕೊಳ್ಳೋದಿಲ್ಲ" ಎಂದು ಬೇಡಿಕೊಳ್ಳುತ್ತಾನೆ. ಹೊರಗಿರುವ ಮುದುಕನಾದರೋ, ಕಾರಿಡಾರಿನ ಫಲಕದಲ್ಲಿ ಬರೆದಿರುವ ವಿಭಾಗದ ಹೆಸರನ್ನು ಓದಿಕೊಂಡು, ಮಗನಿಗೆ ನೋವಾಗದಿರಲೆಂದು ತಾನೂ ಏನೂ ಅರಿಯದವನಂತೆ ಇರುತ್ತಾನೆ. ಪರಸ್ಪರ ರಕ್ಷಿಸುವ ಈ ನಾಟಕದಲ್ಲಿ ಇಬ್ಬರೂ ಒಂಟಿಯಾಗುತ್ತಾರೆ. ಮೂತ್ರ ಸೋರಿದರೂ ಚಿಂತೆಯಿಲ್ಲ ಗಡ್ಡೆ ಹೋಗಲಿ ಎಂದಾಗಲಿ, ಇರುವಷ್ಟು ಕಾಲ ನೆಮ್ಮದಿಯಾಗಿ ತೋಟ ನೋಡಿಕೊಂಡಿದ್ದರೆ ಸಾಕು ಎಂದಾಗಲಿ ಹೇಳುವ ಹಕ್ಕಿದ್ದ ಏಕೈಕ ವ್ಯಕ್ತಿ ಆ ಮಾತನ್ನು ಆಡದೆಯೇ ಉಳಿಯುತ್ತಾನೆ. ಪ್ರಾಪ್ತವಯಸ್ಕನಾದ ಸ್ವಸ್ಥಚಿತ್ತದ ರೋಗಿಯ ಪರವಾಗಿ, ತುರ್ತು ಸಂದರ್ಭವಿಲ್ಲದಾಗ, ಬಂಧುಗಳು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪಿತ್ತಿದೆ. ನ್ಯಾಯಾಲಯ ಹೇಳಿದುದಕ್ಕಿಂತ ಮೊದಲೇ ಧರ್ಮಬುದ್ಧಿ ಹೇಳಬೇಕಾಗಿದ್ದ ಮಾತು ಅದು.

ಗೋಪ್ಯ ಎಷ್ಟು ಭಾರವಾದುದೆಂಬುದಕ್ಕೆ ಫ್ರಾನ್ಸಿನ ಅಧ್ಯಕ್ಷ ಫ್ರಾಂಸ್ವಾ ಮಿತ್ತೆರಾಂ ಉದಾಹರಣೆ. ಆರೋಗ್ಯದ ವರದಿಗಳನ್ನು ನಿಯತವಾಗಿ ಪ್ರಕಟಿಸುವೆನೆಂದು ಜನರಿಗೆ ಮಾತು ಕೊಟ್ಟು 1981ರಲ್ಲಿ ಅಧಿಕಾರಕ್ಕೆ ಬಂದ ಅವರಿಗೆ ಅದೇ ವರ್ಷ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಳಿಗೆ ಹರಡಿರುವುದು ತಿಳಿಯಿತು. 1992ರವರೆಗೆ ವರದಿಗಳಲ್ಲಿ ಅದರ ಸುಳಿವಿಲ್ಲ. 1996ರಲ್ಲಿ ಅವರು ತೀರಿಕೊಂಡ ಮೇಲೆ ಅವರ ವೈದ್ಯ ಕ್ಲೋದ್ ಗ್ಯೂಬ್ಲೆರ್ ಬರೆದ ಪುಸ್ತಕದಿಂದ ಇಡೀ ಕಥೆ ಬಯಲಾಗಿ ರಾಷ್ಟ್ರವೇ ಕಲಕಿತು. ದಕ್ಷಿಣ ಆಫ್ರಿಕದ ಡೆಸ್ಮಂಡ್ ಟೂಟೂ ಅವರಿಗೆ 1997ರಲ್ಲಿ, ಸತ್ಯ ಮತ್ತು ಸಮನ್ವಯ ಆಯೋಗದ ಅಧ್ಯಕ್ಷರಾಗಿದ್ದಾಗ ಇದೇ ರೋಗ ಪತ್ತೆಯಾಯಿತು. ಅವರು ಅದನ್ನು ಮುಚ್ಚಿಡದೆ, ಅದು ಮರುಕಳಿಸಿದಾಗಲೂ ಮುಚ್ಚಿಡದೆ, ಇನ್ನೂ ಇಪ್ಪತ್ತನಾಲ್ಕು ವರ್ಷ ಬಾಳಿ 2021ರಲ್ಲಿ 90ನೆಯ ವಯಸ್ಸಿನಲ್ಲಿ ಕಾಲವಶರಾದರು. ಇಬ್ಬರ ಆಯುಸ್ಸನ್ನು ಹೋಲಿಸುವುದು ಸಲ್ಲದು, ರೋಗದ ಅವಸ್ಥೆಗಳು ಬೇರೆ. ಆದರೆ ಗಮನಿಸತಕ್ಕ ಸಂಗತಿಯೊಂದುಂಟು: ಮೂಳೆಗೆ ಹರಡಿದ ರೋಗವನ್ನಿಟ್ಟುಕೊಂಡೇ ಮಿತ್ತೆರಾಂ ಹದಿನಾಲ್ಕು ವರ್ಷ ಬದುಕಿ ಎರಡು ಅವಧಿಗಳ ರಾಜ್ಯಭಾರ ನಡೆಸಿದರು. ಗಂಡುಹಾರ್ಮೋನನ್ನು ತಗ್ಗಿಸಿದರೆ ಹರಡಿದ ರೋಗವೂ ಹಿಮ್ಮೆಟ್ಟುವುದೆಂದು 1941ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ತತ್ತ್ವದ ಮೇಲೆಯೇ ಇಂದಿನ ಹೊಸ ಔಷಧಗಳೂ, ನಮ್ಮ ಆಸ್ಪತ್ರೆಗಳಲ್ಲಿ ಬಡವರಿಗೆ ಅಗ್ಗವಾಗಿ ಒದಗುವ, ವೃಷಣಗಳನ್ನು ತೆಗೆಯುವ ಸರಳ ಶಸ್ತ್ರಚಿಕಿತ್ಸೆಯೂ ನಿಂತಿವೆ. ತಡವಾಗಿ ಪತ್ತೆಯಾದವನಿಗೂ ಆಶೆಗೆ ಆಧಾರವಿದೆಯೆಂಬುದು ಬರಿಯ ಸಾಂತ್ವನದ ಮಾತಲ್ಲ.

ಮನಸ್ಸಿನ ಸಂಗತಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಅದು ಕಡೆಯದೆಂದಲ್ಲ. ಸ್ವೀಡನ್ನಿನ ಲಕ್ಷಾಂತರ ಪ್ರಜೆಗಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯಾವುದೇ ಕ್ಯಾನ್ಸರ್ ಪತ್ತೆಯಾದ ಮೊದಲ ವಾರದಲ್ಲಿ ಹೃದಯಾಘಾತವೇ ಮೊದಲಾದುವುಗಳಿಂದ ಸಾಯುವ ಸಂಭವ ಐದು ಪಟ್ಟಿಗೂ, ಆತ್ಮಹತ್ಯೆಯ ಸಂಭವ ಹನ್ನೆರಡು ಪಟ್ಟಿಗೂ ಮಿಕ್ಕಿ ಏರುತ್ತದೆಂದು ಕಂಡುಕೊಂಡಿತು. ಹಾಗೆ ಸತ್ತವರ ಒಟ್ಟು ಸಂಖ್ಯೆ ಚಿಕ್ಕದೇ. ಆದರೆ ಅರ್ಬುದವು ಒಂದು ಕೂದಲೆಳೆಯಷ್ಟೂ ಬೆಳೆಯಲಾರದ ಆ ಒಂದು ವಾರದಲ್ಲಿ ಕೊಲ್ಲುವುದು ಅರ್ಬುದವಲ್ಲ, ಸುದ್ದಿ. ಸುದ್ದಿಯನ್ನು ಹೇಳುವ ವೈದ್ಯರೂ ಕೇಳುವ ಕುಟುಂಬವೂ ಆ ದಿನಗಳಲ್ಲಿ ರೋಗಿಯನ್ನು ಒಂಟಿಯಾಗಿ ಬಿಡಕೂಡದೆಂಬುದು ಇದರ ನೇರವಾದ ಫಲಿತಾರ್ಥ. ನಿದ್ರೆ ಹತ್ತದಿದ್ದರೆ, ಅನ್ನ ಸೇರದಿದ್ದರೆ, ಬದುಕು ಬೇಡವೆನಿಸಿದರೆ, ಅದನ್ನೂ ರೋಗವೆಂದೇ ತಿಳಿದು ಚಿಕಿತ್ಸೆ ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದಲ್ಲಿ ನಡೆಯುವ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೇ, ಹಣವಿಲ್ಲದೆ, ಯಾವ ಹೊತ್ತಿನಲ್ಲಾದರೂ ಮಾತನಾಡಬಹುದು.

ಆದುದರಿಂದ, ಈ ಸುದ್ದಿಯನ್ನು ಇತ್ತೀಚೆಗೆ ಕೇಳಿರುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು. ನನ್ನ ರೋಗ ಯಾವ ವರ್ಗದ್ದು, ಗ್ರಂಥಿಯಿಂದ ಹೊರಗೆ ಹೋಗಿದೆಯೆ, ನನ್ನ ವಯಸ್ಸಿಗೂ ಇತರ ಕಾಯಿಲೆಗಳಿಗೂ ಯಾವ ಮಾರ್ಗ ಹೊಂದುತ್ತದೆ, ಈಗ ಚಿಕಿತ್ಸೆ ಮಾಡದಿದ್ದರೆ ಏನಾದೀತು, ಮಾಡಿದರೆ ಮೂತ್ರಕ್ಕೂ ದಾಂಪತ್ಯಕ್ಕೂ ಏನಾದೀತು, ಈ ಶಸ್ತ್ರಚಿಕಿತ್ಸೆಯನ್ನು ತಾವು ಎಷ್ಟು ಮಂದಿಗೆ ಮಾಡಿದ್ದೀರಿ ಎಂಬ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡು, ಹೆಂಡತಿಯನ್ನೋ ಮಕ್ಕಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಉತ್ತರಗಳು ದೊರೆಯುವುದಕ್ಕೆ ಮೊದಲು ಒಪ್ಪಿಗೆಯ ಪತ್ರಕ್ಕೆ ರುಜು ಹಾಕಬೇಡಿರಿ. ದೊರೆತ ಮೇಲೆ ತೀರ್ಮಾನವನ್ನು ಮುಂದೂಡಬೇಡಿರಿ.